ಹಗಲಿನ ಉಲ್ಕೆಗಳು

"ಬಿಡೇ ಕೈನ! ಹೆಣ ಮನೇಲಿರುವಾಗ ಯಾರಾದ್ರೂ ಹಾಡು ಹಾಕ್ತಾರಾ?"

ರೇಡಿಯೋದ ಪ್ಲಗ್ಗು ಕೀಳಲು ಬಂದ ಸೋದರತ್ತೆಯ ಮಣಿಕಟ್ಟನ್ನು ಅವಳು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಬೆಳಗಿನಿಂದ ಬರೀ ಸೊರ್ರೆನ್ನುತ್ತಿದ್ದ ಆ ಹಾಳು ರೇಡಿಯೋ, ನೆಂಟರೆಲ್ಲ ತಲೆ ತಗ್ಗಿಸಿ ಕೂತ ಹೊತ್ತಿಗೇ ಸರಿಯಾಗಿ ಒಂದು ಕುಣಿತದ ಹಾಡಿನ ಅರ್ಧ ಸಾಲು ಕಿರುಚಿ ಸುಮ್ಮನಾಗಿತ್ತು.

"ಹಾಡಲ್ಲ ಅತ್ತೆ, ಉಲ್ಕೆ."

"ಉಲ್ಕೆಯೋ ಗಿಲ್ಕೆಯೋ, ಮೊದ್ಲು ಆರ್ಸು."

"ಅಪ್ಪನ್ನ ಎತ್ತೋವರೆಗೂ ಆರ್ಸಲ್ಲ."

"ಸ್ವಂತ ಮಗಳಾಗಿದ್ರೆ ಹಿಂಗೆ ಮಾಡ್ತಿದ್ಯೇನೇ?"

ನಾಲಿಗೆಗೆ ಎಲುಬಿಲ್ಲ ನೋಡಿ. ಆಡಿದ ಮೇಲೆ ಅತ್ತೆಗೇ ಕಸಿವಿಸಿಯಾಯಿತು. ಅಮ್ಮನ ಕೈ ಹಿಡಿದು ಈ ಮನೆಗೆ ಬಂದವಳು ಎಂಬ ಮಾತನ್ನು ಇಷ್ಟು ವರ್ಷದಲ್ಲಿ ಯಾರೂ ಅವಳ ಮುಖಕ್ಕೆ ಆಡಿರಲಿಲ್ಲ. ಅವಳ ಹಿಡಿತ ಸಡಿಲವಾಯಿತು.

*

ಅವಳು ಚಿಕ್ಕವಳಿದ್ದಾಗ, ಅಮ್ಮನ ಹೊಸ ಗಂಡನ ರೇಡಿಯೋ ರಿಪೇರಿ ಅಂಗಡಿಯಲ್ಲಿ ಮೂಲೆಯ ಸ್ಟೂಲು ಅವಳದು. ಬೆಸುಗೆ ಹಾಕುತ್ತಲೇ ಅವನು ಯಾವ ಸ್ಟೇಷನ್ನೂ ಇಲ್ಲದ ಕಡೆ ಮುಳ್ಳು ನಿಲ್ಲಿಸುತ್ತಿದ್ದ.

"ಉಲ್ಕೆ ಉರಿದು ಆಕಾಶದಲ್ಲಿ ಗೆರೆ ಎಳೆಯುತ್ತಲ್ಲ, ದೂರದ ಸ್ಟೇಷನ್ನಿನ ಹಾಡು ಆ ಗೆರೆಗೆ ಬಡಿದು ಚೂರೇ ಚೂರು ನಮ್ಮ ಕಡೆ ಬೀಳುತ್ತೆ. ಹಗಲಲ್ಲಿ ಕಣ್ಣಿಗೆ ಕಾಣಲ್ಲ, ಕಿವಿಗೆ ಸಿಗುತ್ತೆ."

"ಅವು ಎಲ್ಲಿಂದ ಬರ್ತಾವೆ?"

"ಧೂಮಕೇತು ಹೋಗೋ ದಾರಿ ಉದ್ದಕ್ಕೂ ಧೂಳು ಚೆಲ್ಲುತ್ತೆ. ಭೂಮಿ ವರ್ಷಕ್ಕೊಮ್ಮೆ ಆ ದಾರಿ ದಾಟುತ್ತೆ. ಅದೇ ಉಲ್ಕೆ ಮಳೆ. ಡಿಸೆಂಬರಿನ ಮಳೆಗೆ ಮಾತ್ರ ತುಂಬ ಕಾಲ ತಾಯಿನೇ ಸಿಕ್ಕಿರಲಿಲ್ಲ. ಕೊನೆಗೆ ಸಿಕ್ಕಿದ್ದು ಧೂಮಕೇತು ಅಲ್ಲ, ನೋಡೋಕೆ ಬರೀ ಬೋಳು ಬಂಡೆ."

"ಮತ್ತೆ ಅದರ ಮಕ್ಕಳೇ ಅಂತ ಹೆಂಗೆ ಗೊತ್ತಾಯ್ತು?"

"ನಡೆಯೋ ದಾರಿ ಒಂದೇ ಇತ್ತಲ್ಲ."

ಅಷ್ಟರಲ್ಲಿ ರೇಡಿಯೋ ಟಣ್ಣೆಂದಿತು. "ಅಪ್ಪಾ, ಬಂತು!" ಎಂದು ಅವಳು ಕೂಗಿದಳು. ಅಲ್ಲಿಯವರೆಗೆ ಅವನನ್ನು ಅವಳು ಹಾಗೆ ಕರೆದೇ ಇರಲಿಲ್ಲ. ಅವನು ಬೆಸುಗೆ ಕಡ್ಡಿಯಿಂದ ಬೆರಳು ಸುಟ್ಟುಕೊಂಡ.

*

"ಹಗಲು ಉಲ್ಕೆ ಮಳೆ ಜೋರಾಗಿರೋ ದಿನ ಅತ್ತೆ ಇವತ್ತು. ಪ್ರತಿ ವರ್ಷ ಅಂಗಡಿ ಬಾಗಿಲು ಹಾಕಿ ಇಬ್ರೂ ಕೇಳ್ತಿದ್ವಿ." ಅವಳ ದನಿ ಒಡೆಯಿತು. "ಮುಂದಿನ ವರ್ಷ ಪಕ್ಕದಲ್ಲಿ ಅವರಿರಲ್ಲ. ಇದೊಂದ್ಸಲ ಕೇಳ್ತೀನಿ."

ಅತ್ತೆ ಪ್ಲಗ್ಗು ಬಿಟ್ಟರು. ಸೋತೆ ಎಂದು ಒಪ್ಪುವ ಜಾಯಮಾನ ಅವರದಲ್ಲ. ಕುರ್ಚಿ ಎಳೆದು, ಮುಖ ಊದಿಸಿಕೊಂಡು, ರೇಡಿಯೋದ ಎದುರಿಗೇ ಕೂತರು. ಸ್ವಲ್ಪ ಹೊತ್ತಿಗೆ ಯಾರೋ ಗಂಡಸಿನ ನಗು ಕೇಳಿ ಮಾಯವಾಯಿತು.

"ಇದೂ ಅದೇನಾ?"

"ಹೂಂ."

"ಎಲ್ಲಿಯವನೋ ಪಾಪ, ಅಲ್ಲಿ ನಗ್ತಾ ಇದಾನೆ." ಅತ್ತೆ ಕಣ್ಣೊರೆಸಿಕೊಂಡರು. "ನನ್ನ ತಮ್ಮ ಚಿಕ್ಕೋನಿದ್ದಾಗ್ಲೂ ಹಿಂಗೇ, ಕಂಡ ಕಂಡ ಗೋಡೆಗೆ ಕಿವಿ ಹಚ್ಚಿ ಕೂರೋನು. ಕರೆದ್ರೆ ಓಗೊಡ್ತಿರಲಿಲ್ಲ. ಅಪ್ಪ ಮಗಳು ಇಬ್ರಿಗೂ ಒಂದೇ ಹುಚ್ಚು."

ಅವಳು ರೇಡಿಯೋದ ದನಿ ಒಂದಿಷ್ಟು ಏರಿಸಿದಳು.

ಹೊರಗೆ ಗಾಡಿ ಬಂತು. ನಾಲ್ವರು ಗಂಡಸರು ಒಳಬಂದು, ಬಾಗಿ, ಚಟ್ಟಕ್ಕೆ ಕೈ ಕೊಟ್ಟರು. ಕೊಟ್ಟ ಮಾತಿನಂತೆ ಅವಳು ರೇಡಿಯೋ ಆರಿಸಲು ಎದ್ದಳು.

"ತಡೀರೋ," ಅಂದರು ಅತ್ತೆ. "ಇನ್ನೊಂದು ಬರ್ಲಿ."

ನಾಲ್ವರೂ ಬಾಗಿದವರು ಬಾಗಿದಂತೆಯೇ ನಿಂತು, ಸೊರ್ರೆನ್ನುವ ಸದ್ದಿಗೆ ಕಿವಿಗೊಟ್ಟರು.