ಏಳು ಸಾಲುಗಳನ್ನು ತೆಗೆಯಲಾಗಿದೆ

೧.
ಈ ಕಥೆಯನ್ನು ಚುಕ್ಕಿಯಿಂದ ಶುರು ಮಾಡಲೋ, ಗೆರೆಯಿಂದ ಶುರು ಮಾಡಲೋ? ಗೆರೆಯಿಂದ ಶುರು ಮಾಡಿದರೆ ನೀವು ಕಾಲು ಚಾಚಿ ಆರಾಮಾಗಿ ಕೂರುತ್ತೀರಿ, ಎಲ್ಲಿಗೆ ಹೋಗುತ್ತದೆ ಅನ್ನುವುದು ಮೊದಲೇ ಕಾಣುತ್ತಿರುತ್ತದೆ. ಚುಕ್ಕಿಯಿಂದ ಶುರು ಮಾಡಿದರೆ "ಇದೇನಯ್ಯ, ಗೋಡೆ ಮೇಲೆ ನೊಣ ಕೂತಂಗಿದೆ" ಅನ್ನುತ್ತೀರಿ.

ಬೇಡ ಬಿಡಿ, ಹೀರೋಯಿನ್ ಎಂಟ್ರಿಯಿಂದಲೇ ಶುರು ಮಾಡುತ್ತೇನೆ. ಸ್ಲೋ ಮೋಷನ್ ಇಲ್ಲ. ಕೂದಲು ಹಾರುವುದಿಲ್ಲ (ಆಫೀಸಿನ ಫ್ಯಾನ್ ಕೆಟ್ಟು ಎರಡು ವಾರವಾಯಿತು). ಟೈಲ್ಸ್ ಕಾರ್ಖಾನೆಯ ಆಫೀಸಿನ ಮೂಲೆ ಮೇಜಿನಲ್ಲಿ ಕೂತು ಕಂಪ್ಯೂಟರಿನಲ್ಲಿ ಗ್ರಾಫ್ ಬರೆಯುವವಳು ಅವಳು. ಕೆಲಸಗಾರರು ಇಟ್ಟ ಹೆಸರು ಗೆರೆ ಅಕ್ಕ. ಅವಳ ಅಣ್ಣ ಅದೇ ಕಾರ್ಖಾನೆಯ ಕಟಿಂಗ್ ಸೆಕ್ಷನ್ನಿನಲ್ಲಿ ಹನ್ನೊಂದು ವರ್ಷ ಕಲ್ಲು ಕೊಯ್ದವನು. ಈಗ ಮನೆಯಲ್ಲಿ, ಕಿಟಕಿಯ ಪಕ್ಕ, ಮೂರು ದಿಂಬಿಗೆ ಒರಗಿ ಕೂತಿರುತ್ತಾನೆ. ಮಲಗಿದರೆ ಉಸಿರು ಸಿಗುವುದಿಲ್ಲ.

೨.
ಕಟಿಂಗ್ ಸೆಕ್ಷನ್ನಿನವರು ಆರು ತಿಂಗಳಿಗೊಮ್ಮೆ ಕಾರ್ಖಾನೆಯ ಕ್ಲಿನಿಕ್ಕಿಗೆ ಹೋಗಿ, ಒಂದು ಪ್ಲಾಸ್ಟಿಕ್ ಕೊಳವೆಗೆ ಬಾಯಿಟ್ಟು ಜೋರಾಗಿ ಊದಬೇಕು. ಮುಳ್ಳು ಎಲ್ಲಿ ನಿಂತಿತೋ ಅದೇ ಅವರ ಸಂಖ್ಯೆ. ಗ್ರಾಫಿನಲ್ಲಿ ಅದಕ್ಕೊಂದು ಚುಕ್ಕಿ. ಹೀಗೆ ಐದು ವರ್ಷದ ಚುಕ್ಕಿಗಳು. ಬರೀ ಚುಕ್ಕಿ ನೋಡಿದರೆ ಮ್ಯಾನೇಜರಿಗೆ ತಲೆ ಸುತ್ತುತ್ತದೆ. ಅದಕ್ಕೇ ಗೆರೆ ಅಕ್ಕ ಕೋಡಿನಲ್ಲಿ ಕೊನೆಗೊಂದು ಪ್ಲಸ್ ಹಾಕಿ "ಸ್ಮೂತ್" ಅಂತ ಒಂದು ಸಾಲು ಬರೆಯುತ್ತಾಳೆ. ಆಗ ಚುಕ್ಕಿಗಳ ನಡುವೆ ನುಣ್ಣನೆಯ ಗೆರೆಯೊಂದು ಹಾದುಹೋಗುತ್ತದೆ. ತುಂಬಾ ಮರ್ಯಾದಸ್ಥ ಗೆರೆ. ಪ್ರತಿ ಹೆಜ್ಜೆಗೂ ಅಕ್ಕಪಕ್ಕದವರನ್ನೆಲ್ಲ ವಿಚಾರಿಸಿ, ಯಾರ ಮಾತನ್ನೂ ಪೂರ್ತಿ ಕೇಳದೆ ಮುಂದೆ ಹೋಗುತ್ತದೆ.

ಸೋಮವಾರ ಹನ್ನೊಂದು ಗಂಟೆಗೆ ಕಮಿಟಿ ಮೀಟಿಂಗ್. ಗೆರೆ ಕೆಳಗಿಳಿದಿದ್ದರೆ ಕಟಿಂಗ್ ಸೆಕ್ಷನ್ನಿಗೆ ಧೂಳು ಹೀರುವ ಯಂತ್ರ ಬರುತ್ತದೆ. ಇಳಿಯದಿದ್ದರೆ ಇಲ್ಲ. ಅಲ್ಲಿ ಉಳಿದ ಹತ್ತೊಂಬತ್ತು ಜನ ಮೂಗಿಗೆ ಕರ್ಚೀಫ್ ಕಟ್ಟಿಕೊಂಡು ಹಾಗೇ ಕೊಯ್ಯುತ್ತಿರಬೇಕು.

ನಾಲ್ಕೂವರೆ ವರ್ಷ ಇಳಿಯುತ್ತಾ ಬಂದ ಗೆರೆ ಕೊನೆಯ ಆರು ತಿಂಗಳಲ್ಲಿ ತಲೆ ಎತ್ತಿತ್ತು.

"ನೋಡಿದ್ರಾ! ಹುಷಾರಾಗ್ತಿದ್ದಾರೆ," ಅಂದರು ಮ್ಯಾನೇಜರ್. "ಅದ್ಸರಿ, ಗೆರೆ ಸುತ್ತ ಈ ಬೂದಿ ಬಣ್ಣದ ಪಟ್ಟಿ ಏನಮ್ಮ?"

"ಅನುಮಾನ ಸಾರ್. ಗೆರೆ ಅಷ್ಟು ಅಗಲದಲ್ಲಿ ಎಲ್ಲಿ ಬೇಕಾದ್ರೂ ಇರಬಹುದು ಅಂತ."

"ಅನುಮಾನ ಎಲ್ಲ ಮನೇಲಿಟ್ಟು ಬನ್ನಿ. ತೆಗೀರಿ ಅದನ್ನ."

ತೆಗೆದಳು. ಆಗಲೇ ಸ್ಕ್ರೀನಿನ ಕೆಳಗೆ ಕೆಂಪು ಅಕ್ಷರದ ಎಚ್ಚರಿಕೆ ಕಂಡದ್ದು. ಗೆರೆ ಎಳೆದಾಗಲೆಲ್ಲ ಅದು ಬರುತ್ತಿತ್ತು, ಪ್ರತಿ ಸಲ ಅವಳು ನೋಡದೆ ಮುಚ್ಚುತ್ತಿದ್ದಳು. ಸಂಖ್ಯೆ ಇಲ್ಲದ ಏಳು ಸಾಲುಗಳನ್ನು ತೆಗೆಯಲಾಗಿದೆ, ಅಂತ.

ಅವಳ ಪಟ್ಟಿಯಲ್ಲಿ ಒಬ್ಬೊಬ್ಬ ಕೆಲಸಗಾರನಿಗೆ ಒಂದೊಂದು ಸಾಲು. ಏಳು ಜನ ಈ ಸಲ ಊದಲು ಬಂದಿರಲಿಲ್ಲ. ಮೆಟ್ಟಿಲು ಹತ್ತಿ ಕ್ಲಿನಿಕ್ಕಿಗೆ ಬರುವಷ್ಟು ಉಸಿರಿದ್ದವರು ಮಾತ್ರ ಬಂದು ಊದಿದ್ದರು. ಅದಕ್ಕೇ ಗೆರೆ ಮೇಲೆದ್ದಿತ್ತು. ಏಳರಲ್ಲಿ ಒಂದು ಸಾಲು ಅವಳ ಅಣ್ಣನದು.

೩. (ಹರಿದು ಹಾಕಿದ ಡ್ರಾಫ್ಟ್)
ಇಲ್ಲಿ ಇಂಟರ್ವಲ್ ಕೊಟ್ಟು ಅಣ್ಣನನ್ನು ಸಾಯಿಸುವ ಪ್ಲಾನ್ ಇತ್ತು. ಮಳೆ, ತಂಗಿಯ ಕಿರುಚಾಟ, ಸ್ಕ್ರೀನ್ ಕಪ್ಪು. ಬರೆದೂ ಬಿಟ್ಟಿದ್ದೆ. ಅಣ್ಣ ದಿಂಬಿನಿಂದ ತಲೆಯೆತ್ತಿ ನನ್ನನ್ನೇ ನೋಡಿದ.

"ಯಾವನೋ ನೀನು? ನನ್ನ ಸಾಯ್ಸಿದ್ರೆ ನಿಂಗೇನು ಸಿಗುತ್ತೆ?"

"ಒಂದು ಒಳ್ಳೆ ಸೀನ್ ಸಿಗುತ್ತಣ್ಣ."

"ಅದಾಗಲೇ ಇಬ್ರು ಸತ್ತಿದ್ದಾರಲ್ಲೋ ಆ ಏಳು ಜನದಲ್ಲಿ. ಅವರ ಹತ್ರ ಹೋಗಿ ಸೀನ್ ಮಾಡು, ಹೋಗು."

ಅವರ ಬಗ್ಗೆ ನಾನು ಒಂದು ವಾಕ್ಯವನ್ನೂ ಬರೆದಿರಲಿಲ್ಲ. (ಈಗಲೂ ಬರೆದಿಲ್ಲ, ಗಮನಿಸಿ.)

೩. (ಮತ್ತೆ)
ಭಾನುವಾರ ಮಧ್ಯಾಹ್ನ. ಗೆರೆ ಅಕ್ಕ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಅಣ್ಣನ ಮಂಚದ ತುದಿಯಲ್ಲಿ ಕೂತಿದ್ದಾಳೆ.

"ಖಾಲಿ ಬಿಟ್ರೆ ತಾನೇ ಅದು ತೆಗೆದು ಹಾಕೋದು?" ಅಂದ ಅಣ್ಣ. "ಸೊನ್ನೆ ಹಾಕು."

"ಸೊನ್ನೆ ಹೆಂಗೆ ಹಾಕ್ಲಿ? ಉಸಿರಾಡ್ತಿದ್ದೀಯಲ್ಲ."

"ಹಂಗಾದ್ರೆ ಇನ್ನೂರು ಹಾಕು."

"ಅದು ಸುಳ್ಳಾಗುತ್ತೆ ಕಣೋ."

"ಖಾಲಿ ಬಿಡೋದು ನಿಜಾನಾ?"

ಅವಳು ಕ್ಲಿನಿಕ್ಕಿನಿಂದ ಯಾರಿಗೂ ಹೇಳದೆ ತಂದಿದ್ದ ಕೊಳವೆಯನ್ನು ಊಟದ ಬ್ಯಾಗಿನಿಂದ ತೆಗೆದಳು.

"ಓಹೋ, ಕಳ್ಳಿ! ಮೊದಲೇ ಪ್ಲಾನು!" ಅಣ್ಣ ನಕ್ಕ. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲು ಐದು ನಿಮಿಷ ಬೇಕಾಯಿತು. (ಈ ಐದು ನಿಮಿಷವನ್ನು ಒಂದೇ ವಾಕ್ಯದಲ್ಲಿ ಮುಗಿಸಿದ್ದೇನೆ. ನನ್ನ ಕೈಯೂ ಸ್ಮೂತೇ.)

ಮೊದಲ ಸಲ ತೊಂಬತ್ತು. ಎರಡನೇ ಸಲ ನೂರಾ ಹತ್ತು. ಮೂರನೇ ಸಲ ಕೊಳವೆಯನ್ನು ತುಟಿಯವರೆಗೆ ತಂದು, ತಲೆ ಅಲ್ಲಾಡಿಸಿ ವಾಪಸ್ ಕೊಟ್ಟ.

"ಎಷ್ಟಕ್ಕೆ?" ಅಂದ ಅಣ್ಣ.

"ಕೆಲಸಕ್ಕೆ ಸೇರಿದಾಗ ನೀನು ಐನೂರ ಅರವತ್ತು ಊದಿದ್ದೆ."

"ಹೋಗ್ಲಿ ಬಿಡು. ಸ್ಕೂಲಲ್ಲೂ ಮೂವತ್ತೈದು ದಾಟ್ಲಿಲ್ಲ, ಇಲ್ಲೂ ದಾಟ್ಲಿಲ್ಲ."

ಆ ಏಳು ಜನರಲ್ಲಿ ಬದುಕಿದ್ದ ಉಳಿದವರ ಮನೆಗೂ ಹೋಗಿ ಬಂದಿದ್ದಳು ಅವಳು. ಮೂರು ಜನ ಮನೆ ಖಾಲಿ ಮಾಡಿದ್ದರು, ಎಲ್ಲಿಗೆ ಅಂತ ಅಕ್ಕಪಕ್ಕದವರಿಗೂ ಗೊತ್ತಿಲ್ಲ. ಒಬ್ಬರು ಬಾಗಿಲಲ್ಲೇ ನಿಂತು, "ನನ್ನ ಮಗ ಇನ್ನೂ ಅಲ್ಲೇ ಕೆಲಸದಲ್ಲಿದ್ದಾನಮ್ಮ, ನಾನು ಊದಲ್ಲ," ಅಂದರು.

ಹಾಗಾಗಿ ಒಂದೇ ಚುಕ್ಕಿ. ನೂರಾ ಹತ್ತು ಅಂತ ಟೈಪ್ ಮಾಡಿ ಎಂಟರ್ ಒತ್ತಿದಳು. ಸಿನಿಮಾದಲ್ಲಾಗಿದ್ದರೆ ಗೆರೆ ಧಡಾರಂತ ಕೆಳಗೆ ಬೀಳಬೇಕಿತ್ತು, ಹಿನ್ನೆಲೆಯಲ್ಲಿ ಡ್ರಮ್ ಬಾರಿಸಬೇಕಿತ್ತು. ಗೆರೆಯ ತುದಿ ಕೂದಲೆಳೆಯಷ್ಟು ಬಗ್ಗಿತು, ಅಷ್ಟೆ. ಇನ್ನೂ ಮೇಲಕ್ಕೇ ಮುಖ ಮಾಡಿತ್ತು. ಹತ್ತೊಂಬತ್ತು ಜನರ ಮಾತಿನ ಮಧ್ಯೆ ಅಣ್ಣನ ಮಾತು ಅದಕ್ಕೆ ಸರಿಯಾಗಿ ಕೇಳಿಸಲೇ ಇಲ್ಲ.

"ಬಿತ್ತಾ?" ಅಂದ ಅಣ್ಣ ಕಣ್ಣು ಮುಚ್ಚಿಕೊಂಡೇ.

"ಬೀಳ್ತಿದೆ," ಅಂದಳು.

೪.
ಸೋಮವಾರ ಹತ್ತು ಗಂಟೆ. ಮ್ಯಾನೇಜರ್ ಸ್ಕ್ರೀನಿಗೆ ಬೆರಳಿಟ್ಟರು. "ಈ ಚುಕ್ಕಿ ಯಾಕೆ ಇಷ್ಟು ಕೆಳಗಿದೆ?"

"ನಮ್ಮಣ್ಣ ಸಾರ್."

ಅವರ ಮುಖದಲ್ಲಿ ಕನಿಕರ ಕಂಡಿತು. (ವಿಲನ್ ಮೀಸೆ ತಿರುವಿದ್ದರೆ ನನಗೆ ಬರೆಯಲು ಸುಲಭವಾಗುತ್ತಿತ್ತು. ಈ ಮನುಷ್ಯ ಕನಿಕರ ತೋರಿಸುತ್ತಾನೆ.) "ಟೆಸ್ಟು ಕ್ಲಿನಿಕ್ಕಲ್ಲಿ ಆಗಿಲ್ಲಮ್ಮ. ಮನೇಲಿ ಊದಿದ್ದನ್ನೆಲ್ಲ ಲೆಕ್ಕಕ್ಕೆ ತಗೊಂಡ್ರೆ ರೂಲ್ಸ್ ಯಾಕಿರಬೇಕು? ತೆಗೀರಿ. ನಿಮ್ಮ ಕೆಲಸಕ್ಕೂ ಒಳ್ಳೇದು, ನಿಮ್ಮ ಮನೆಗೂ ಒಳ್ಳೇದು."

೫.
ಮುಕ್ತಾಯಗಳು ರೆಡಿ ಇವೆ. ನೋಡಿ, ಆರಿಸಿಕೊಳ್ಳಿ.

ಮೊದಲನೆಯದು: ಗೆರೆ ಅಕ್ಕ ಮೇಜು ಕುಟ್ಟಿ ಏಳುತ್ತಾಳೆ. "ಇದು ಚುಕ್ಕಿಯಲ್ಲ ಸಾರ್! ಒಬ್ಬ ಮನುಷ್ಯನ ಕೊನೆಯ ಉಸಿರು!" ಚಪ್ಪಾಳೆ. ಯಂತ್ರ ಬರುತ್ತದೆ.

"ನಾನು ಹಂಗೆ ಮಾತಾಡೋದೇ ಇಲ್ಲ," ಅಂದಳು ಗೆರೆ ಅಕ್ಕ. "ಕೊನೆಯ ಉಸಿರು ಅಂತ ಯಾರು ಹೇಳಿದ್ರು ನಿಂಗೆ? ಬೆಳಗ್ಗೆ ಗಂಜಿ ಕುಡಿಸಿ ಬಂದಿದ್ದೀನಿ."

ಎರಡನೆಯದು: ಅವಳು ಚುಕ್ಕಿ ಅಳಿಸುತ್ತಾಳೆ. ಕೆಲಸ ಉಳಿಯುತ್ತದೆ. ಫ್ಯಾನ್ ರಿಪೇರಿಯಾಗುತ್ತದೆ.

ಇದನ್ನು ನೀವು ಒಪ್ಪುವುದಿಲ್ಲ ಅಂದುಕೊಂಡಿದ್ದೆ. ಒಪ್ಪಿದ್ದು ಅಣ್ಣ. "ಅದೇ ಹಾಕೋ ಮಾರಾಯ," ಅಂದ. "ಮನೇಲಿ ದುಡಿಯೋಳು ಅವಳೊಬ್ಳೇ. ನನ್ನ ಚುಕ್ಕಿ ಇಟ್ಕೊಂಡು ಏನು ಪೂಜೆ ಮಾಡ್ತೀರಾ?"

ಎರಡು ಮುಕ್ತಾಯಗಳನ್ನೂ ಹೊಡೆದು ಹಾಕಿ ಪುಟ ತಿರುವಿದೆ.

೬.
ಹತ್ತು ಐವತ್ತೈದಕ್ಕೆ ಅವಳು ಒಂದು ಸಾಲು ಅಳಿಸಿದಳು. ಚುಕ್ಕಿಯ ಸಾಲನ್ನಲ್ಲ, ಸ್ಮೂತ್ ಅಂತಿದ್ದ ಸಾಲನ್ನು. ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಳು: ಈ ಸಲ ಕ್ಲಿನಿಕ್ಕಿಗೆ ಬರದವರು ಏಳು ಜನ. ಅವರಲ್ಲಿ ಇಬ್ಬರು ತೀರಿಕೊಂಡಿದ್ದಾರೆ. ಒಬ್ಬರು ಮನೆಯಲ್ಲಿ ಊದಿದ್ದು ನೂರಾ ಹತ್ತು.

ಮೀಟಿಂಗ್ ರೂಮಿನ ಬಿಳಿ ಬೋರ್ಡಿನ ಮೇಲೆ ಪ್ರೊಜೆಕ್ಟರ್ ಬೆಳಕು ಬಿತ್ತು. ಬರೀ ಚುಕ್ಕಿಗಳು.

"ಗೆರೆ ಎಲ್ಲಮ್ಮ?"

"ನನ್ನ ಕೈಲಿ ಆಗ್ಲಿಲ್ಲ ಸಾರ್. ನೀವೇ ಎಳೀರಿ," ಅಂತ ಮಾರ್ಕರ್ ಪೆನ್ನು ಮುಂದೆ ಹಿಡಿದಳು.

ಅವರು ಮುಜುಗರ ಪಡುತ್ತಾರೆ, ಕೈ ನಡುಗುತ್ತದೆ ಅಂತೆಲ್ಲ ಯೋಚಿಸಿಟ್ಟಿದ್ದೆ. ಮ್ಯಾನೇಜರ್ ಎದ್ದರು, ಪೆನ್ನು ತೆಗೆದುಕೊಂಡರು, ಎಡದಿಂದ ಬಲಕ್ಕೆ ಒಂದೇ ಬೀಸಿಗೆ ಎಳೆದರು. ಕಂಪ್ಯೂಟರ್ ಎಳೆದದ್ದಕ್ಕಿಂತ ನುಣ್ಣಗಿತ್ತು. ಕೊನೆಯಲ್ಲಿ ಅದಕ್ಕಿಂತ ಎತ್ತರಕ್ಕೂ ಹೋಯಿತು.

ಬಾಗಿಲ ಬಳಿಯ ಕುರ್ಚಿಯಲ್ಲಿ ಕೆಲಸಗಾರರ ಪರವಾಗಿ ಕೂತಿದ್ದ ಕಟಿಂಗ್ ಸೆಕ್ಷನ್ನಿನ ಮೇಸ್ತ್ರಿ ಎದ್ದು ನಿಂತರು. ಕಮಿಟಿಗೆ ಬಂದ ಮೂರು ವರ್ಷದಲ್ಲಿ ಅವರು ಟೀ ಬಿಟ್ಟು ಬೇರೇನೂ ಕೇಳಿದವರಲ್ಲ.

"ಸಾರ್, ಆ ಪೆನ್ನು ಒಂಚೂರು ಕೊಡಿ."

"ಕೂತ್ಕೊಳ್ರೀ ಮೇಸ್ತ್ರಿ, ಮುಗೀತು."

"ಕೊಡಿ ಸಾರ್."

ಬಾಗಿಲಿಂದ ಬೋರ್ಡಿಗೆ ಎಂಟು ಹೆಜ್ಜೆ. ನಾಲ್ಕನೆಯದಕ್ಕೆ ಮೇಸ್ತ್ರಿ ನಿಂತರು. ಒಂದು ಕೈ ಮೇಜಿನ ಅಂಚಿಗೆ, ಇನ್ನೊಂದು ಪೆನ್ನಿಗೆ ಚಾಚಿದೆ. ಎದೆಯೊಳಗೆ ಸಿಳ್ಳೆ ಹಾಕಿದಂಥ ಸದ್ದು. ಮ್ಯಾನೇಜರ್ ಗಡಿಯಾರ ನೋಡುತ್ತಿದ್ದಾರೆ. ಗೆರೆ ಅಕ್ಕ ಮೇಸ್ತ್ರಿಗೆ ತನ್ನ ಕುರ್ಚಿ ಎಳೆದುಕೊಟ್ಟಳು, ಅವರು ಬೇಡವೆಂದು ತಲೆ ಅಲ್ಲಾಡಿಸಿದರು.

ಮುಂದೇನಾಯಿತು ಅಂತ ನನ್ನನ್ನು ಕೇಳಬೇಡಿ. ಉಳಿದ ನಾಲ್ಕು ಹೆಜ್ಜೆ ನಡೆಸುವುದು ನನ್ನ ಪೆನ್ನಿಗೆ ಎರಡು ಸೆಕೆಂಡಿನ ಕೆಲಸ, ಆದರೆ ನಡೆಸುವುದಿಲ್ಲ. ಅವರಿಗೆ ಉಸಿರು ಬರಲಿ. ನೀವೂ ನಿಂತಿರಿ.