ಕಿಟಕಿ ಬದಿಯ ಕಟ್ಟೆ

ಮದುವೆಯಾಗಿ ಆ ಮನೆಗೆ ಬಂದ ಹೊಸತರಲ್ಲಿ ಸೊಸೆಗೆ ಗಂಡನಿಗಿಂತ ಹೆಚ್ಚು ಇಷ್ಟವಾದವರು ಮಾವ. ಕಾರಣ ಇಷ್ಟೇ, ಆ ಮನೆಯಲ್ಲಿ ಅಡುಗೆ ಅವರದು. ಅತ್ತೆ ತೀರಿಕೊಂಡ ಮೇಲೆ ಮಗನನ್ನು ಬೆಳೆಸಿದ್ದೂ ಅವರೇ, ಒಲೆ ಹಚ್ಚಿದ್ದೂ ಅವರೇ. ಅವಳು ಕನ್ನಡಕದ ಅಂಗಡಿಯಲ್ಲಿ ದಿನವಿಡೀ ನಿಂತು, ಕಾಲು ಊದಿಸಿಕೊಂಡು ಬಂದರೆ ಬಿಸಿ ಅನ್ನ, ಬೇಳೆ, ಸೊಪ್ಪು ಕಾದಿರುತ್ತಿತ್ತು.

"ಪುಣ್ಯ ಮಾಡಿದ್ದೆ ಕಣೇ ನೀನು," ಎಂದು ಅಂಗಡಿಯ ಜೊತೆಗಾತಿ ಹೊಟ್ಟೆಕಿಚ್ಚು ಪಟ್ಟಳು. "ನಮ್ಮನೇಲಿ ನೀರು ಕೇಳಿದ್ರೂ ಲೋಟ ಎಲ್ಲಿದೆ ಅಂತ ನನ್ನೇ ಕೇಳ್ತಾರೆ."

ಆ ಪುಣ್ಯ ಖರ್ಚಾಗಿ ಹೋದದ್ದು ಒಂದು ರಜೆಯ ದಿನ ಬೆಳಿಗ್ಗೆ. ಸಾಮಾನ್ಯವಾಗಿ ಆ ಹೊತ್ತಿಗೆ ಅವಳು ಕೆಲಸಕ್ಕೆ ಹೋಗಿಬಿಟ್ಟಿರುತ್ತಿದ್ದಳು. ಅವತ್ತು ಹಲ್ಲುಜ್ಜಿ ಅಡುಗೆಮನೆಗೆ ಬಂದರೆ ಮಾವ ಕಿಟಕಿಯ ಹತ್ತಿರ ಸ್ಟೂಲಿನ ಮೇಲೆ ಕೂತು, ಬಲಗಾಲನ್ನು ಅಡುಗೆ ಕಟ್ಟೆಯ ಮೇಲೆ ಚಾಚಿದ್ದರು. ಕೈಯಲ್ಲಿ ಹಳೆಯ ಬ್ಲೇಡಿನ ತುಂಡು. ಒಡೆದ ಹಿಮ್ಮಡಿಯಿಂದ ಸತ್ತ ಚರ್ಮವನ್ನು ಕೆರೆದು ಕೆರೆದು ತೆಗೆಯುತ್ತಿದ್ದರು. ಅದು ಹಳದಿ ಹೊಟ್ಟಿನ ಹಾಗೆ ಕಟ್ಟೆಯ ಮೇಲೆ ಉದುರುತ್ತಿತ್ತು. ಗೇಣುದ್ದ ಆಚೆ, ತಟ್ಟೆ ಮುಚ್ಚಿಟ್ಟ ಪಾತ್ರೆಯಲ್ಲಿ ಕಲಸಿದ ಹಿಟ್ಟು ನೆನೆಯುತ್ತಿತ್ತು.

"ಎದ್ದೆಯಾ ಮಗಳೇ? ಕೂತ್ಕೋ, ತಿಂಡಿ ಆಯ್ತು," ಎಂದರು ಮಾವ. ಕಾಲಿಳಿಸಿ, ಮಸಿಬಟ್ಟೆಯಿಂದ ಕಟ್ಟೆಯನ್ನು ಒಮ್ಮೆ ಬಳಿದು, ಅದೇ ಬಟ್ಟೆಗೆ ಕೈ ಒರೆಸಿಕೊಂಡು, ಹಿಟ್ಟನ್ನು ತೆಗೆದು ಕಾಲಿಟ್ಟ ಜಾಗದಲ್ಲೇ ಧಪ್ಪೆಂದು ಬಡಿದರು.

ಅವಳು ಕೂರಲಿಲ್ಲ. ತಲೆನೋವು ಎಂದು ಸುಳ್ಳು ಹೇಳಿ ಕೋಣೆ ಸೇರಿಕೊಂಡಳು. ಹಾಸಿಗೆಯ ಮೇಲೆ ಕೂತು, ಮದುವೆಯಾದಾಗಿನಿಂದ ತಾನು ಚಪ್ಪರಿಸಿ ತಿಂದದ್ದನ್ನೆಲ್ಲ ನೆನೆಸಿಕೊಂಡಳು. ನೆನೆಸಿಕೊಳ್ಳಬಾರದಿತ್ತು.

ಹಾಗಂತ ಅವಳೇನು ಮುಟ್ಟಿದರೆ ಮಾಸುವ ಹೆಣ್ಣಲ್ಲ. ಕನ್ನಡಕದಲ್ಲಿ ಮೂಗಿಗೆ ಒತ್ತುವ ಪ್ಯಾಡಿಗೆ ಅಂಟಿದ ಹಸಿರು ಕೊಳೆ, ಕಿವಿಯ ಹಿಂದಿನ ಜಿಡ್ಡು, ಯಾರ್‍ಯಾರದೋ ಬೆವರು, ಇದನ್ನೆಲ್ಲ ದಿನಾ ತೆಗೆಯುವುದೇ ಅವಳ ಕೆಲಸ. ಆದರೆ ಅದು ಬಾಯಿಗೆ ಹೋಗುವ ವಸ್ತುವಲ್ಲವಲ್ಲ.

ಒಮ್ಮೆ ಕಣ್ಣಿಗೆ ಬಿದ್ದ ಮೇಲೆ ಬರೀ ಅದೇ ಕಾಣತೊಡಗಿತು. ಮಸಿಬಟ್ಟೆಯ ಮುಗ್ಗಲು ವಾಸನೆ. ತರಕಾರಿ ಮಣೆಯ ಬಿರುಕುಗಳಲ್ಲಿ ಕಪ್ಪಗೆ ಕೂತ ಯಾವ ಕಾಲದ್ದೋ ಈರುಳ್ಳಿ. ಇನ್ನು ಮೇಲೆ ತನ್ನ ಊಟ ತಾನೇ ಮಾಡಿಕೊಳ್ಳುವುದು ಎಂದು ನಿರ್ಧರಿಸಿದಳು. ಆದರೆ ಎಲ್ಲಿ? ಅಡುಗೆಮನೆಯಲ್ಲಿದ್ದದ್ದು ಉದ್ದನೆಯ ಒಂದೇ ಕಲ್ಲಿನ ಕಟ್ಟೆ. ಕಿಟಕಿಯ ತುದಿ ಹಿಮ್ಮಡಿಗೆ ಮೀಸಲು. ಇನ್ನೊಂದು ತುದಿಯಲ್ಲಿ ಸಿಂಕು. ಅಲ್ಲಿ ಮಾವ ಬೆಳಿಗ್ಗೆ ನಾಲಿಗೆಯ ಬುಡದ ತನಕ ಕಡ್ಡಿ ಹಾಕಿ ಕೆರೆದು, ಕ್ಯಾಕರಿಸಿ ಉಗಿಯುತ್ತಿದ್ದರು. ಪಕ್ಕದ ಕಲ್ಲಿನ ಮೇಲೆ ಅದರ ಹನಿಗಳು. ನಡುವೆ ಒಲೆ. ಒಲೆಯ ಪಕ್ಕದ ಒಂದು ಮೊಳ ಜಾಗಕ್ಕೆ ಗಂಡ ಕೆಲಸದಿಂದ ಬಂದವನೇ ತನ್ನ ಸಲಕರಣೆ ಚೀಲವನ್ನು ಧೊಪ್ಪೆಂದು ಎಸೆಯುತ್ತಿದ್ದ. ಅವನದು ಲಿಫ್ಟ್ ರಿಪೇರಿ. ಚೀಲ ಎತ್ತಿದರೆ ಅಡಿಯಲ್ಲಿ ಕಪ್ಪು ಗ್ರೀಸಿನ ಅಚ್ಚು.

ಊಟದ ಮೇಜಿನ ಮೇಲೆ ಹೆಚ್ಚಲು ಕೂತಳು. ಅದಕ್ಕೆ ಹೊದಿಸಿದ ಪ್ಲಾಸ್ಟಿಕ್ ಹಾಳೆ ಕೈಗೆ ಅಂಟಿ ಚರ್ಮದ ಹಾಗೆ ಸುಲಿದು ಬಂತು. ಬಾಲ್ಕನಿಗೆ ಹೋದಳು. ಪಾರಿವಾಳವೊಂದು ಮೇಲಿಂದಲೇ ಸೊಪ್ಪಿಗೆ ಸುಣ್ಣ ಬಳಿಯಿತು. ಬಟ್ಟೆ ಒಗೆಯುವ ಯಂತ್ರದ ಮೇಲೆ ಮಣೆ ಇಟ್ಟಳು. ಒಳಗೆ ಗಂಡನ ಕಾಲುಚೀಲಗಳು ತಿರುಗುತ್ತಿದ್ದವು. ಕೊನೆಗೆ ಸಿಪ್ಪೆ ಇರುವುದನ್ನು ಮಾತ್ರ ತಿನ್ನುವುದು ಎಂದು ತೀರ್ಮಾನವಾಯಿತು. ಬಾಳೆಹಣ್ಣು, ಕಿತ್ತಳೆ, ಬೇಯಿಸಿದ ಮೊಟ್ಟೆ. ಮೊಟ್ಟೆಯ ನೀರೂ ಅವರ ಪಾತ್ರೆಯದೇ ಎಂದು ಹೊಳೆದಾಗ ಅದೂ ನಿಂತಿತು.

"ಏನ್ರೀ, ನಿಮಗೆ ಕಾಣಲ್ವಾ ಇದೆಲ್ಲ?" ಎಂದು ಗಂಡನನ್ನು ಕೇಳಿದಳು.

"ನಾನು ಇದನ್ನೇ ತಿಂದು ಬೆಳೆದಿದ್ದು. ನೋಡು, ಗುಂಡುಕಲ್ಲಿನ ಹಾಗಿದ್ದೀನಿ," ಎಂದು ಅವನು ಎದೆ ತಟ್ಟಿಕೊಂಡ. ಆಮೇಲೆ ಅವಳ ಇಳಿದ ಮುಖ ನೋಡಿ, "ಅಪ್ಪನಿಗೆ ಕಣ್ಣು ಮಂಜಾಗಿರಬೇಕು ಬಿಡು. ಕಂಡಿದ್ರೆ ಮಾಡ್ತಿದ್ರಾ?" ಎಂದ.

ಅದು ಅವಳಿಗೆ ಹೌದೆನಿಸಿತು. ಹೌದಾಗಲಿ ಎಂದೂ ಅನಿಸಿತು. ಮಾವನನ್ನು ಅಂಗಡಿಗೆ ಕರೆದುಕೊಂಡು ಹೋಗಿ ಕೂರಿಸಿ, ಪರೀಕ್ಷೆ ಮಾಡಿಸಿ, ತನ್ನ ಕೈಯಾರೆ ಕನ್ನಡಕ ಸರಿಮಾಡಿ ಮೂಗಿಗೇರಿಸಿದಳು. ಮಾವ ತಮ್ಮ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು.

"ಅಬ್ಬಬ್ಬಾ! ಗೆರೆಗೆರೆ ಎಣಿಸಬಹುದಲ್ಲಮ್ಮ!"

ಇನ್ನು ಕಟ್ಟೆಯ ಗತಿ ಅವರಿಗೇ ಕಾಣುತ್ತದೆ ಎಂದು ಅವಳು ನೆಮ್ಮದಿಯ ಉಸಿರು ಬಿಟ್ಟಳು.

ಮುಂದಿನ ರಜೆಯ ದಿನ ಬೆಳಿಗ್ಗೆ ಮಾವ ಅದೇ ಸ್ಟೂಲಿನ ಮೇಲಿದ್ದರು, ಕನ್ನಡಕ ಏರಿಸಿಕೊಂಡು. ಚೆನ್ನಾಗಿ ಕಾಣುತ್ತಿದ್ದುದರಿಂದ ಹಿಮ್ಮಡಿಯನ್ನು ಮುಗಿಸಿ ಬೆರಳ ಬುಡದ ಆಣಿಗೂ ಕೈ ಹಾಕಿದ್ದರು. ಅದರ ಬಿಳಿ ತಿರುಳನ್ನು ಮೀಟಿ ಮೀಟಿ ತೆಗೆಯುತ್ತಿದ್ದರು, ಈರುಳ್ಳಿ ಹೆಚ್ಚುವ ಚಾಕುವಿನ ತುದಿಯಿಂದ.

"ಮಾವ! ಅದು ತರಕಾರಿ ಚಾಕು!"

"ತೊಳೆದಿಡ್ತೀನಮ್ಮ, ಅದಕ್ಯಾಕೆ ಕೂಗಾಡ್ತೀಯ? ಏನು ಕನ್ನಡಕ ಕೊಡಿಸಿದೆ ನೀನು! ಇಷ್ಟು ದಿನ ಕುರುಡು ಕೆಲಸ ಮಾಡ್ತಿದ್ದೆ."

ಅವಳ ಸಹನೆಯ ಕಟ್ಟೆಯೊಡೆಯಿತು. "ನಿಮ್ಮ ಕೈಯ ಅನ್ನ ನನಗೆ ಗಂಟಲಲ್ಲಿ ಇಳಿಯಲ್ಲ ಮಾವ. ಹೇಸಿಗೆ ಆಗುತ್ತೆ. ಇಲ್ಲಿ ಕಾಲಿಡ್ತೀರಿ, ಇಲ್ಲೇ ಹಿಟ್ಟು ಬಡೀತೀರಿ. ಮನುಷ್ಯರು ತಿನ್ನೋದಾ ಅದು?"

ಮಾವ ಚಾಕು ಕೆಳಗಿಟ್ಟರು. ಜೀವಮಾನವೆಲ್ಲ ದನದ ಆಸ್ಪತ್ರೆಯಲ್ಲಿ ಗಾಯ ತೊಳೆದು ಪಟ್ಟಿ ಕಟ್ಟಿದವರು ಅವರು. "ಹುಳ ಬಿದ್ದ ಗಾಯಕ್ಕೆ ಮೊಣಕೈ ತನಕ ಕೈ ಹಾಕಿದ್ದೀನಿ. ಹೇಸಿಗೆ ಅಂದಿದ್ರೆ ಎಷ್ಟು ಜೀವ ಹೋಗ್ತಿತ್ತು ಗೊತ್ತಾ?"

"ಗಾಯ ಬೇರೆ, ಊಟ ಬೇರೆ."

"ಸರಿ, ಎಲ್ಲಿ ಕೂರಲಿ ಹೇಳು. ಈ ಮನೇಲಿ ಬೆಳಕು ಬರೋದು ಇದೊಂದೇ ಕಿಟಕೀಲಿ. ಉಳಿದವೆಲ್ಲ ಪಕ್ಕದ ಮನೆ ಗೋಡೆ ನೋಡ್ತಾವೆ, ಬಾಲ್ಕನೀಲಿ ಪಾರಿವಾಳದ ಕಾಟ."

ಅದು ನಿಜ. ಅವಳಿಗೂ ಬೇಕಾಗಿದ್ದದ್ದು ಅದೇ ಬೆಳಕು. "ಬಾಗಿಲಾಚೆ ಮೆಟ್ಟಿಲ ಹತ್ರ ಕೂತ್ಕೊಳ್ಳಿ," ಎಂದುಬಿಟ್ಟಳು.

ಮಾವನ ಮುಖ ಸಣ್ಣದಾಯಿತು. "ತಗೋ, ನಿನ್ನ ಕಟ್ಟೆ ನೀನೇ ಇಟ್ಕೋ," ಎಂದು ಸ್ಟೂಲೆತ್ತಿಕೊಂಡು ಕುಂಟುತ್ತ ಹೊರಗೆ ಹೋದರು.

ಅವಳು ಸೆರಗು ಬಿಗಿದು ಉಜ್ಜಲು ನಿಂತಳು. ಸೋಡಾಪುಡಿ ಹಾಕಿ, ಕುದಿನೀರು ಹುಯ್ದು, ತಂತಿಬ್ರಷ್ಷಿನಿಂದ ತಿಕ್ಕಿದರೆ ಕಪ್ಪು ಕಲ್ಲು ಎಂದುಕೊಂಡದ್ದು ಬೂದುಬಣ್ಣದ ಕಲ್ಲಾಯಿತು. ಇಷ್ಟು ವರ್ಷ ಕಪ್ಪಗಿದ್ದದ್ದು ಬರೀ ಜಿಡ್ಡು. ಉಗುರಿನಿಂದ ಗೀರಿದರೆ ಮೇಣದ ಹಾಗೆ ಸುರುಳಿಯಾಗಿ ಬರುತ್ತಿತ್ತು. ಕಟ್ಟೆಗೂ ಗೋಡೆಗೂ ನಡುವೆ ಬೆರಳು ಹಿಡಿಯದಷ್ಟು ಒಂದು ಸಂದಿಯಿತ್ತು. ಗಂಡನ ಚೀಲದಿಂದ ತೆಳು ಸ್ಕ್ರೂಡ್ರೈವರ್ ತಂದು ಅದರೊಳಗೆ ಹಾಕಿ ಎಳೆದಳು.

ಬಂದದ್ದು ಮಣ್ಣಲ್ಲ. ಹಿಟ್ಟು, ಎಣ್ಣೆ, ಜಿರಲೆಯ ಕಾಲು ಸೇರಿ ಹೆಪ್ಪುಗಟ್ಟಿದ ಕಂದು ಹಿಂಡಿ. ಅದರ ತುಂಬ, ಯಾರೋ ಚುಚ್ಚಿಟ್ಟ ಹಾಗೆ, ಉಗುರು. ಕಾಲುಗುರಿನ ದಪ್ಪ ಹಳದಿ ಚೂರುಗಳು. ನಡುನಡುವೆ ಒಣಗಿ ಮುದುಡಿದ ಚರ್ಮ. ಎಳೆದಷ್ಟೂ ಬಂತು. ಕಮಟು ವಾಸನೆ ಮೂಗಿಗಲ್ಲ, ನೇರ ನಾಲಿಗೆಗೇ ತಾಗಿದ ಹಾಗಾಗಿ ಅವಳು ಸಿಂಕಿಗೆ ಬಾಗಿ ಓಕರಿಸಿದಳು. ಹೊಟ್ಟೆಯಲ್ಲಿದ್ದದ್ದು ಒಂದು ಬಾಳೆಹಣ್ಣು, ಅದೂ ಹೋಯಿತು.

ಸದ್ದು ಕೇಳಿ ಗಂಡ ಬಂದ. "ಏನಾಯ್ತೇ?"

ಅವಳು ಸಂದಿಯತ್ತ ಬೆರಳು ತೋರಿಸಿದಳು. ಅವನು ಬಾಗಿ ನೋಡಿದ. ಇನ್ನೂ ಹತ್ತಿರ ಬಾಗಿದ. ಗುಂಡುಕಲ್ಲು ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಬಚ್ಚಲಿಗೆ ಓಡಿತು.

ಅಷ್ಟರಲ್ಲಿ ಮಾವನೂ ಬಾಗಿಲಲ್ಲಿ ನಿಂತಿದ್ದರು. ಕನ್ನಡಕ ಮೂಗಿನ ಮೇಲೆ ಸರಿಯಾಗಿ ಕೂತಿತ್ತು. ಹಿಂಡಿಯನ್ನು ಬಹಳ ಹೊತ್ತು ನೋಡಿದರು. ಬೆರಳ ತುದಿಯಿಂದ ಕೆದಕಿ, ಎಸಳಿನಂಥ ಒಂದು ಸಣ್ಣ ಉಗುರಿನ ಚೂರನ್ನು ಎತ್ತಿ ಬೆಳಕಿಗೆ ಹಿಡಿದರು.

"ಇದು ನಂದಲ್ಲ," ಎಂದರು ಮೆತ್ತಗೆ. "ಇವನದು. ಚಿಕ್ಕವನಿದ್ದಾಗ ಇಲ್ಲೇ ಕಟ್ಟೆ ಮೇಲೆ ಕೂರಿಸಿ ಕತ್ತರಿಸ್ತಿದ್ದೆ. ಒಂದು ಕಡೆ ಬೇಳೆ ಬೇಯ್ತಿತ್ತು. ಬೇರೆ ಕಡೆ ಕೂರಿಸಿದ್ರೆ ಓಡಿಹೋಗ್ತಿದ್ದ."

ಯಾರೋ ಬರೆದ ಕತೆಯಾಗಿದ್ದರೆ ಆ ಮಾತಿಗೆ ಅವಳ ಮನಸ್ಸು ಕರಗಬೇಕಿತ್ತು. ಕರಗಲಿಲ್ಲ. ಮಾವ ಆ ಚೂರನ್ನು ಎರಡು ಬೆರಳಲ್ಲಿ ಹೊಸೆಯುತ್ತಿದ್ದದ್ದಷ್ಟೇ ಅವಳಿಗೆ ಕಂಡಿತು. "ಮಾವ, ದಯವಿಟ್ಟು ಕೈ ತೊಳ್ಕೊಳ್ಳಿ," ಎಂದಳು. ಅವರು ಮಗುವಿನ ಹಾಗೆ ಹೋಗಿ ತೊಳೆದುಕೊಂಡರು.

ಆಮೇಲಿನ ಕೆಲವು ವಾರಗಳಲ್ಲಿ ಅಡುಗೆಮನೆ ಬದಲಾಯಿತು. ಗಂಡ ಸಂದಿಗೆ ಸಿಮೆಂಟು ತುಂಬಿದ. ಮಣೆ, ಮಸಿಬಟ್ಟೆ, ಚಾಕು ಕಸಕ್ಕೆ ಹೋದವು. ಸಲಕರಣೆ ಚೀಲ ತಾನಾಗಿ ಬಾಲ್ಕನಿ ಸೇರಿತು. ಮಾವ ಮೆಟ್ಟಿಲ ಬಳಿ ಕೂತು ಹಿಮ್ಮಡಿ ಕೆರೆದರು. ಹತ್ತಿಳಿಯುವವರೆಲ್ಲ ಮೂಗು ಮುಚ್ಚಿ ದಾಟಿದರು. ಕೆಳಮನೆಯ ಮುದುಕ ಮಾತ್ರ ತನ್ನ ಆಣಿಯನ್ನೂ ತೋರಿಸಲು ಮೇಲೆ ಹತ್ತಿ ಬಂದ. ಅಡುಗೆ ಅವಳ ಪಾಲಿಗೆ ಬಂತು. ಅಂಗಡಿಯಿಂದ ಬಂದು ಊದಿದ ಕಾಲಲ್ಲಿ ಕಿಟಕಿಯ ಕೆಳಗೆ ನಿಂತು ಹೆಚ್ಚಿದಳು, ಬೇಯಿಸಿದಳು. ಅನ್ನ ಒಂದು ದಿನ ಮುದ್ದೆ, ಒಂದು ದಿನ ಅಕ್ಕಿ. ಗಂಡ ಉಪ್ಪಿನಕಾಯಿ ಬಡಿಸಿಕೊಂಡು ತಿಂದ. ಮಾವ ಸದ್ದಿಲ್ಲದೆ ಉಪ್ಪಿನ ಡಬ್ಬಿ ಹತ್ತಿರ ಎಳೆದುಕೊಂಡರು.

ಒಂದು ಸಂಜೆ ಅವಳು ಬಂದಾಗ ಒಲೆ ಹತ್ತಿತ್ತು. ಮಾವ ತೋಳು ಮಡಿಸಿ ನಿಂತಿದ್ದರು. ಕೈಗಳು ಮೊಣಕೈ ತನಕ ಕೆಂಪಗೆ ಉಜ್ಜಿಸಿಕೊಂಡಿದ್ದವು, ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆಗೆ ಮುಂಚೆ ತೊಳೆಯುವ ಹಾಗೆ.

"ಕೂತ್ಕೋ ಮಗಳೇ. ಎಲ್ಲ ಸೋಪು ಹಾಕಿ ತೊಳೆದಿದ್ದೀನಿ. ಕೈ, ಕಟ್ಟೆ, ಪಾತ್ರೆ, ಎಲ್ಲ. ಕಾಲಿಗೆ ಮೋಜಾ ಹಾಕಿದ್ದೀನಿ, ನೋಡು."

ತಟ್ಟೆ ಮುಂದೆ ಬಂತು. ಮಾವ ಎದುರಿಗೆ ಕೂತು, ಅವಳ ಬಾಯನ್ನೇ ನೋಡುತ್ತ ಕಾದರು. ಗಂಡ ತನ್ನ ತಟ್ಟೆಯಿಂದ ತಲೆಯೆತ್ತಲಿಲ್ಲ.

ಅವಳು ಒಂದು ತುತ್ತು ಕಲಸಿ ಬಾಯಿಗಿಟ್ಟಳು. ಬೇಳೆಯಲ್ಲಿ, ಅನ್ನದಲ್ಲಿ, ಸೊಪ್ಪಿನಲ್ಲಿ ಬಟ್ಟೆಸೋಪಿನ ಘಾಟು ತುಂಬಿತ್ತು. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

"ಹೇಗಿದೆ?" ಎಂದರು ಮಾವ.

ಅವಳು ನೀರು ಕುಡಿದು ನುಂಗಿದಳು. "ಚೆನ್ನಾಗಿದೆ ಮಾವ," ಎಂದಳು. ಇನ್ನೊಂದು ತುತ್ತಿಗೆ ಕೈ ಹಾಕಿದಳು, ಆದಷ್ಟೂ ಸಣ್ಣದಕ್ಕೆ.