ಜರಡಿಯಮ್ಮ ತೆಗೆಸಿದ ಸಾಲು

ಆಫೀಸಿನಲ್ಲಿ ಆಕೆಗೆ ಜರಡಿಯಮ್ಮ ಎಂದೇ ಹೆಸರು. ಯಂತ್ರದ ಬಿಡಿಭಾಗಗಳನ್ನು ನಡೆಸುವ ಪ್ರೋಗ್ರಾಮು, ಅಂದರೆ ಡ್ರೈವರ್, ಬರೆದವರು ಯಾರೇ ಇರಲಿ, ಅದು ಕಂಪ್ಯೂಟರ್ ವ್ಯವಸ್ಥೆಯ ತಿರುಳಾದ ಕರ್ನಲ್ ಸೇರುವ ಮೊದಲು ಆಕೆಯ ಕಣ್ಣು ದಾಟಬೇಕು. ಚೂರು ಹೊಟ್ಟಿದ್ದರೂ ವಾಪಸ್. ಮನೆಯಲ್ಲಿ ಗಂಡ ಬರೆದಿಟ್ಟ ಸಾಮಾನಿನ ಪಟ್ಟಿಗೂ ಬಿಡುಗಡೆಯಿಲ್ಲ. ‘ಸೋಪು ಎರಡು ಸಲ ಬಂದಿದೆ’ ಎಂದು ಒಂದನ್ನು ಹೊಡೆದುಹಾಕುವವಳು. ಪಾಪ, ಆತ ಎರಡು ಸೋಪು ಬೇಕೆಂದೇ ಹಾಗೆ ಬರೆದಿರುತ್ತಿದ್ದ.

ಆ ವಾರ ಜರಡಿಗೆ ಬಿದ್ದದ್ದು ಹೊಸ ಹುಡುಗಿಯ ಡ್ರೈವರ್. ಆಸ್ಪತ್ರೆಯಲ್ಲಿ ಹಸುಗೂಸುಗಳನ್ನು ಬೆಚ್ಚಗಿಡುವ ಪೆಟ್ಟಿಗೆಯೊಳಗೆ ಶಾಖ ಅಳೆಯುವ ಸೆನ್ಸರ್ ಇರುತ್ತದಲ್ಲ, ಅದನ್ನು ಮಾತಾಡಿಸುವ ಡ್ರೈವರ್. ಹುಡುಗಿ ಸೇರಿ ಆರು ತಿಂಗಳಾಗುತ್ತ ಬಂದಿತ್ತು; ಕೆಲಸ ಕಾಯಂ ಆಗುವುದೋ ಇಲ್ಲವೋ ಎಂಬ ತೀರ್ಮಾನ ಶುಕ್ರವಾರ. ಜರಡಿಯಮ್ಮ ಸೆನ್ಸರ್ ಜೋಡಿಸಿದ ಪರೀಕ್ಷೆಯ ಸರ್ಕ್ಯೂಟ್ ಬೋರ್ಡಿಗೆ ಹಾಕಿ ನೋಡಿದಳು, ಲಕ್ಷಣವಾಗಿ ನಡೆಯಿತು. ‘ಪರೀಕ್ಷಿಸಿದ್ದೇನೆ’ ಎಂದು ತನ್ನ ಹೆಸರಿನ ಗುರುತು ಸೇರಿಸಿದಳು. ಆಮೇಲೆ ಅಭ್ಯಾಸಬಲದಿಂದ ಮತ್ತೊಮ್ಮೆ ಓದಿದಳು. ಸೆನ್ಸರ್‌ಗೆ ಕರೆಂಟು ಕೊಟ್ಟ ಮೇಲೆ ಪರದೆಗೆ ‘ಸೆನ್ಸರ್ ಎದ್ದಿತು’ ಎಂಬ ಸುದ್ದಿ ಕಳಿಸುವ ಸಾಲೊಂದಿತ್ತು. ಇದೆಂಥ ಡಂಗುರ, ತೆಗೆ ಎಂದು ಬಾಯಿಮಾತಿನಲ್ಲೇ ಹೇಳಿದಳು. ಹುಡುಗಿ ತೆಗೆದಳು. ಡ್ರೈವರ್ ಮುಂದೆ ಹೋಯಿತು, ಗುರುತೂ ಜೊತೆಗೇ ಹೋಯಿತು.

ಡ್ರೈವರಿನ ಕೋಡು ಬದಲಾದರೆ ಹಳೆಯ ಗುರುತು ಸತ್ತಂತೆ, ಮತ್ತೆ ಪರೀಕ್ಷಿಸಿಯೇ ಹಾಕಬೇಕು. ಇದು ಜರಡಿಯಮ್ಮನೇ ಎಲ್ಲರಿಗೂ ಬಾಯಿಪಾಠ ಮಾಡಿಸಿದ ನಿಯಮ. ಅಂದು ಮಾತ್ರ, ಒಂದು ಸಾಲು ತೆಗೆದದ್ದಕ್ಕೆ ಯಾರು ಮತ್ತೆ ಬೋರ್ಡು ಜೋಡಿಸುತ್ತಾರೆ ಎನಿಸಿತು. ಆಚಾರ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ.

ಗುರುವಾರ ಬೆಳಿಗ್ಗೆ ಲ್ಯಾಬಿನವನು ಬಂದ. ಖಾಲಿ ಪೆಟ್ಟಿಗೆ ಹಚ್ಚಿದೊಡನೆ ಸೆನ್ಸರ್ ಸೊನ್ನೆ ತೋರಿಸುತ್ತಿದೆ, ಒಳಗೆ ಚಳಿಯೆಂದು ತಿಳಿದು ಹೀಟರ್ ಒಂದೇ ಸಮನೆ ಬಿಸಿಯೇರುತ್ತಿದೆ ಎಂದ. ಮ್ಯಾನೇಜರ್ ನೇರ ಹುಡುಗಿಯ ಮೇಜಿಗೆ ಹೋಗಿ, ಇಂಥದ್ದನ್ನು ಬರೆದವರನ್ನು ಕಾಯಂ ಮಾಡುವುದು ಹೇಗೆ ಎಂದು ಮೆಲ್ಲಗೇ ಕೇಳಿದ. ಅವಳು ತಲೆ ತಗ್ಗಿಸಿ ಕೂತಳೇ ಹೊರತು, ಸಾಲು ತೆಗೆಸಿದವರು ಯಾರೆಂದು ಬಾಯಿ ಬಿಡಲಿಲ್ಲ.

ಎರಡು ಮೇಜು ಆಚೆ ಜರಡಿಯಮ್ಮ ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿಕೊಂಡಳು. ಬೋರ್ಡು ಜೋಡಿಸಿ ಆ ಸಾಲನ್ನು ವಾಪಸ್ ಹಾಕಿದಳು, ಸರಿಯಾಯಿತು. ತೆಗೆದಳು, ಸೊನ್ನೆ. ಕರೆಂಟು ಸಿಕ್ಕ ಮೇಲೆ ಕಣ್ಣು ಬಿಡಲು ಸೆನ್ಸರ್‌ಗೆ ಕ್ಷಣಕಾಲ ಬೇಕು. ಪರದೆಗೆ ಹೋಗುವ ನಿಧಾನದ ಕೇಬಲ್ಲಿನಲ್ಲಿ ಆ ಎರಡು ಪದ ಹೊರಗೆ ಹೋಗುವಷ್ಟರಲ್ಲಿ ಅದು ಎದ್ದಿರುತ್ತಿತ್ತು. ಸೆನ್ಸರ್ ಏಳುವವರೆಗೆ ಕಾಯುವ ಸಾಲು ಬರೆಯಲು ಹುಡುಗಿ ಮರೆತದ್ದು ನಿಜ; ಆದರೆ ಮರೆತದ್ದನ್ನು ಹಿಡಿಯಲೆಂದೇ ಜರಡಿ ಇರುವುದು.

ಆಕೆಗೆ ನಾಚಿಕೆಯಾಯಿತು. ಹದಿನೆಂಟು ವರ್ಷ ಕೂಡಿಸಿದ ಹೆಸರು. ಸುಮ್ಮನಿದ್ದರೆ ಹುಡುಗಿಯ ಹೊರತು ಯಾರಿಗೂ ತಿಳಿಯುತ್ತಿರಲಿಲ್ಲ. ಆದರೂ, ಎಲ್ಲರೂ ಓದುವ, ಒಮ್ಮೆ ಬರೆದರೆ ಅಳಿಸಲು ಬಾರದ ಕೋಡಿನ ದಾಖಲೆಯಲ್ಲಿ ಬರೆದಳು: ಸಾಲು ತೆಗೆಸಿದ್ದು ನಾನು, ಮತ್ತೆ ಪರೀಕ್ಷಿಸದೆ ಗುರುತು ಉಳಿಸಿದ್ದೂ ನಾನು. ಆಮೇಲೆ ಇಪ್ಪತ್ತು ಮಿಲಿಸೆಕೆಂಡು ಕಾಯುವ ಒಂದು ಸಾಲು ತಾನೇ ಬರೆದು, ಪರಿಶೀಲನೆಗೆ ಹುಡುಗಿಗೇ ಕಳಿಸಿದಳು.

ಅರ್ಧ ಗಂಟೆ ಬಿಟ್ಟು ಹುಡುಗಿ ಕುರ್ಚಿಯ ಹಿಂದೆ ಬಂದು ನಿಂತಳು.

“ಅಕ್ಕಾ, ಇದನ್ನ ಒಪ್ಪೋಕಾಗಲ್ಲ.”

“ಯಾಕಮ್ಮ?”

“ಸೆನ್ಸರ್ ತಣ್ಣಗಿದ್ರೆ ಐವತ್ತು ಬೇಕು ಅಂತ ಕೈಪಿಡೀಲಿದೆ. ನೀವು ಬೆಳಿಗ್ಗೆಯಿಂದ ಬಿಸಿಯಾಗಿರೋ ಬೋರ್ಡಲ್ಲಿ ನೋಡಿದೀರಿ.” ಕೈಪಿಡಿಯ ಆ ಪುಟ ತೆರೆದೇ ತಂದಿದ್ದಳು.

ಜರಡಿಯಮ್ಮ ಓದಿದಳು. ಹೌದು, ಐವತ್ತು. ಎಷ್ಟೋ ವರ್ಷಗಳಿಂದ ಆಕೆಯ ಕೋಡನ್ನು ಯಾರೂ ವಾಪಸ್ ಕಳಿಸಿರಲಿಲ್ಲ. ಬೇಸರಕ್ಕಿಂತ ಹೆಚ್ಚಾಗಿ ಸಂತೋಷವಾಯಿತು. ಬೋರ್ಡಿನ ವಯರು ಕಿತ್ತು, ತಣ್ಣಗಾದ ಮೇಲೆ ಮತ್ತೆ ಪರೀಕ್ಷಿಸಲೆಂದು ಕಿಟಕಿಯ ಬಳಿ ಇಟ್ಟು, ಮ್ಯಾನೇಜರ್‌ಗೆ ಫೋನ್ ಮಾಡಿದಳು.

“ನನ್ನ ಕೋಡು ಈಗಷ್ಟೇ ವಾಪಸ್ ಬಂತು. ಈ ಹುಡುಗೀನ ಬಿಟ್ಟುಕೊಡಬೇಡಿ.”

ಶುಕ್ರವಾರ ಹುಡುಗಿಯ ಕೆಲಸ ಕಾಯಂ ಆಯಿತು. ಅಂದು ಸಂಜೆ ಅಂಗಡಿಯಲ್ಲಿ ಜರಡಿಯಮ್ಮ ಗಂಡನ ಪಟ್ಟಿ ಬಿಚ್ಚಿದಳು. ಸೋಪು ಎರಡು ಸಲ ಇತ್ತು. ಪೆನ್ನು ತೆಗೆಯದೆ ಎರಡನ್ನೂ ಕೊಂಡಳು.